ಕಾಕು ಹೇಳುತ್ತಿದ್ದ ದಾರಿ

ನಮ್ಮ ಮನೆ ಮಾಲಕಿಯ ತೋರುಬೆರಳು ಸಂಧಿವಾತದಿಂದ ಸೊಟ್ಟಗಾಗಿತ್ತು. ಎಡಕ್ಕೆ ಹೋಗಿ ಎಂದು ಅವಳು ಕೈ ಮಾಡಿದರೆ ಬೆರಳು ಬಲಕ್ಕೆ ನೋಡುತ್ತಿತ್ತು. ಆದರೂ ಧನಕವಡಿಯ ನಮ್ಮ ಓಣಿಯಲ್ಲಿ ದಾರಿ ಕೇಳುವವರೆಲ್ಲ ಅವಳ ಕಟ್ಟೆಗೇ ಬರುತ್ತಿದ್ದರು. ಬೆಳಗಾವಿ ಕಡೆಯವಳು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ.

ಗುರುತಿಗೇನು ಬರವಿರಲಿಲ್ಲ. ನೀರಿನ ಟಾಕಿ, ಗಣಪತಿ ಗುಡಿ, ಕಾಲೇಜು ಹುಡುಗರ ಮೆಸ್ಸು, ಕಾತ್ರಜದ ಬಸ್ಸು ನಿಲ್ಲುವ ಮೂಲೆ. ಕಾಕುವಿನ ಕಣ್ಣಿಗೆ ಅವು ಬೀಳುತ್ತಲೇ ಇರಲಿಲ್ಲ. "ಮಗಳು ಓಡಿ ಹೋದ್ಲಲ್ರಿ, ಆ ಮನಿ ದಾಟ್ರಿ. ಮುಂದ ಕುಡುಕ ಮಾಸ್ತರನ ಗೇಟ್ ಬರ್ತದ. ಅಲ್ಲಿ ಹೊಳ್ಳಿದ್ರ ಮಕ್ಕಳಾಗದಾಕಿ ಮನಿ, ಅದರ ಎದುರಿಗೇ ಅದ ನೋಡ್ರಿ." ಹೀಗೆ ಹೇಳಿಸಿಕೊಂಡವರು ಯಾರೂ ದಾರಿ ತಪ್ಪುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ನನ್ನ ಗಂಡ ಮನೆ ಬಿಟ್ಟು ಹೋದ ವಾರದಲ್ಲೇ ಸಿಲಿಂಡರ್ ತಂದವನು ನನ್ನ ಹೆಸರು ಹೇಳಿ ವಿಚಾರಿಸಿದ. ಕಟ್ಟೆಯಿಂದ ಉತ್ತರ ಬಂತು: "ಗಂಡ ಬಿಟ್ಟಾಕೀನ? ಮ್ಯಾಲಿನ ಮನಿ." ಮೆಟ್ಟಿಲ ಮೇಲೆ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದ ನನ್ನ ಮಗಳು ತಲೆ ಎತ್ತಲಿಲ್ಲ. ಆಮೇಲೆ ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಳು.

ನಾನು ಕೆಳಗಿಳಿದು ಕೇಳಿದೆ. "ಕಾಕು, ನನಗ ಹೆಸರಿಲ್ಲೇನ್ರಿ?"

"ಹೆಸರು ಯಾರ ತಲ್ಯಾಗ ಉಳೀತದವಾ? ಮಂದಿಗೆ ಇಂಥಾದ್ದು ಭಾಳ ನೆನಪಿರ್ತದ," ಎಂದಳು, ಮೆಂತ್ಯ ಸೋಸುವುದನ್ನು ನಿಲ್ಲಿಸದೆ.

ಕಾಕುವಿನ ಗಂಡ ಊರಿನ ಇನ್ನೊಂದು ತುದಿಯ ಹಡಪಸರದಲ್ಲಿ ಎರಡನೇ ಸಂಸಾರ ಹೂಡಿದ್ದ. "ಅವರದು ಫ್ಯಾಕ್ಟರಿ ಕೆಲಸ, ಅಲ್ಲೇ ಕ್ವಾರ್ಟರ್ಸ್ ಅದ" ಎಂದು ಕಾಕು ಹೇಳಿದಾಗಲೆಲ್ಲ ಓಣಿ ಹೌದ್ರಿ ಎನ್ನುತ್ತಿತ್ತು. ಕುಡುಕ ಮಾಸ್ತರ ಕೂಡ ಕುಡಿದಾಗಲೂ ಆ ಮಾತು ಎತ್ತಿದವನಲ್ಲ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಕಾಕುವಿಗೆ ಎದೆನೋವು ಬಂತು. ಆಂಬ್ಯುಲೆನ್ಸಿನವನು ಓಣಿ ಸಿಗದೆ ಮತ್ತೆ ಮತ್ತೆ ಫೋನ್ ಮಾಡಿದ. ಟಾಕಿ ಎಂದೆ, ಗುಡಿ ಎಂದೆ, ತಿಳಿಯಲಿಲ್ಲ. ಕಾಕು ನನ್ನ ಕೈ ಗಟ್ಟಿಯಾಗಿ ಹಿಡಿದು ಮಲಗಿದ್ದಳು. ಕೊನೆಗೆ ಅವನ ಮರಾಠಿಯಲ್ಲೇ ಜೋರಾಗಿ ಹೇಳಿದೆ: ಹಡಪಸರದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡವನ ಹೆಂಡತಿಯ ಮನೆ ಎಲ್ಲಿ ಅಂತ ಯಾರನ್ನಾದರೂ ಕೇಳು. ನಾನು ಫೋನ್ ಕೆಳಗಿಡುವಷ್ಟರಲ್ಲಿ ಗಾಡಿಯ ಸದ್ದು ಓಣಿಯಲ್ಲಿ ಕೇಳಿತು.

ಕಾಕು ನನ್ನ ಕೈ ಬಿಟ್ಟಳು. "ಎಲ್ಲಾರಿಗೂ ಗೊತ್ತಿತ್ತೇನ?"

"ಹೌದ್ರಿ ಕಾಕು. ನಾ ಬರೂಕಿಂತ ಮೊದಲಿಂದನೂ."

ಸಮಯಕ್ಕೆ ಕರೆತಂದಿರಿ ಎಂದು ಡಾಕ್ಟರು ನನ್ನನ್ನು ಹೊಗಳಿದರು. ಕಾಕು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುದಿನ ಹಾಗೆಯೇ ತೀರಿಕೊಂಡಳು. ನನಗೆ ಅಳು ಬರಲಿಲ್ಲ. ದಾರಿ ಹೇಳಲು ಕಲಿಸಿದವಳು ಅವಳೇ, ಆ ಋಣ ಮಾತ್ರ ನನ್ನ ಮೇಲಿದೆ.