ಅಕ್ಕನ ಸೊಟ್ಟ ಸಾಲು

ನಾನು ಚಿಕ್ಕವನಿದ್ದಾಗ ದೆವ್ವಗಿವ್ವ ನೋಡಿದ್ದೆನಾ ಎಂದು ಮೊಮ್ಮಕ್ಕಳು ನೀವು ಕೇಳುತ್ತಲೇ ಇರುತ್ತೀರಿ. ದೆವ್ವ ನೋಡಿಲ್ಲ. ಆದರೆ ದೇವಲಾಪುರದ ಹತ್ತಿರ ನಮ್ಮ ಹೊಲದಲ್ಲಿ ಒಂದು ಸೊಟ್ಟ ಸಾಲು ನೋಡಿದ್ದೇನೆ. ಅದು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

ರಾಗಿಯ ನಡುವೆ ಅಲ್ಲಲ್ಲಿ ಅವರೆ ಬಿತ್ತುವ ಸಾಲಿಗೆ ನಮ್ಮಲ್ಲಿ ಅಕ್ಕಡಿ ಸಾಲು ಅನ್ನುತ್ತಾರೆ. ಆ ವರ್ಷ ಅಪ್ಪ ನೇಗಿಲು ಹಿಡಿದಿದ್ದ. ಅಕ್ಕ ಎತ್ತುಗಳ ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದಳು, ನಾನು ಹಿಂದೆ ಅವರೆಕಾಳು ಹಾಕುತ್ತಿದ್ದೆ. ಹೊಲದ ಮಧ್ಯದಲ್ಲಿ ಮಣ್ಣಿನ ಹೆಂಟೆ ಎಡವಿ ಮುಗ್ಗರಿಸಿ ಬಿದ್ದೆ. ಅಕ್ಕ ತಿರುಗಿ ನೋಡಿ ನಕ್ಕಳು. ಅವಳ ಜೊತೆ ಎತ್ತುಗಳೂ ತಿರುಗಿ, ಸಾಲು ಮೊಣಕೈಯ ಹಾಗೆ ಬಾಗಿತು. ಊರವರು ಆಡಿಕೊಳ್ಳುತ್ತಾರೆ ಎಂದು ಅಪ್ಪ ಬೈದ. ಅಕ್ಕ ಆಮೇಲೂ ನಗುತ್ತಲೇ ಇದ್ದಳು.

ಅವರೆ ಹೂ ಬಿಡುವ ಮೊದಲೇ ಅಕ್ಕ ಜ್ವರ ಬಂದು ತೀರಿಕೊಂಡಳು. ಅದೇ ಹೊಲದ ಬದುವಿನ ಪಕ್ಕ ಮಣ್ಣು ಮಾಡಿದರು. ಮನೆಯಲ್ಲಿ ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಒಬ್ಬನೇ ಹೊಲಕ್ಕೆ ಹೋದೆ. ಅವರೆ ಸೊಗಡು ಗಮ್ಮೆನ್ನುತ್ತಿತ್ತು. ಅಕ್ಕನಿಲ್ಲದೆ ಅದು ಹೂ ಬಿಟ್ಟಿದ್ದು ಕಂಡು ಸಿಟ್ಟು ಬಂತು. ಸಾಲು ಬಾಗಿದ ಜಾಗದಲ್ಲಿ ಒಂದು ಗಿಡ ಕಿತ್ತೆ. ಬೇರಿನ ತುಂಬ ಸಾಸಿವೆಗಿಂತ ದಪ್ಪನೆಯ ಗಂಟುಗಳಿದ್ದವು. ಒಂದನ್ನು ಉಗುರಿನಿಂದ ಚಿವುಟಿದರೆ ಒಳಗೆ ಕೆಂಪಗಿತ್ತು. ಬೆರಳಿಗೂ ಕೆಂಪು ಹತ್ತಿತು. ಅದು ಅಕ್ಕನ ರಕ್ತವೇ ಅಂದುಕೊಂಡು ಗಿಡವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಕಾಯಿ ಬಲಿತ ಮೇಲೆ ಅವರೆಗಿಡವನ್ನು ಬೇರುಸಮೇತ ಕಿತ್ತು ಕಣಕ್ಕೆ ಹಾಕುವುದು ನಮ್ಮ ಮನೆಯ ವಾಡಿಕೆ. ಹಾಗೆ ಕಿತ್ತರೆ ಅಕ್ಕನಿಗೆ ನೋಯುತ್ತದೆಂದು ನನಗೆ ಅನ್ನ ಸೇರಲಿಲ್ಲ. ಕೊನೆಗೆ ಅಪ್ಪನ ಕಾಲು ಹಿಡಿದು, ಅತ್ತು, ಎಲ್ಲ ಹೇಳಿಬಿಟ್ಟೆ.

"ರಕ್ತ ಅಲ್ಲ ಕಣ್ಲಾ ಅದು. ಗಂಟಿರೋ ಬೇರು ಭೂಮಿಗೆ ಒಳ್ಳೇದು ಅಂತ ನಮ್ಮಪ್ಪ ಏಳ್ತಿದ್ದ. ಯಾಕೆ ಅಂತ ನಂಗೂ ಗೊತ್ತಿಲ್ಲ" ಅಂದ ಅಪ್ಪ. ಆಮೇಲೆ ನನ್ನನ್ನು ಎತ್ತಿ ನಿಲ್ಲಿಸಿ, "ಆಗ್ಲಿ ಬುಡು, ಆ ಸಾಲ ಕೀಳಾಕಿಲ್ಲ" ಅಂದ. ಅದೊಂದು ಸಾಲನ್ನು ಮಾತ್ರ ಕುಡುಗೋಲಿನಲ್ಲಿ ಕೊಯ್ದು, ಬೇರನ್ನು ಮಣ್ಣಿನಲ್ಲೇ ಬಿಟ್ಟ.

ಮರುವರ್ಷ ಅಪ್ಪ ರಾಗಿಯನ್ನು ನೆಟ್ಟಗೆ ಬಿತ್ತಿದ. ಪೈರು ಮೊಣಕಾಲೆತ್ತರ ಬಂದಾಗ ತೆಳುಹಸಿರಿನ ನಡುವೆ ಕಡುಹಸಿರಿನ ಒಂದು ಗೆರೆ ಎದ್ದಿತು. ನೇರ ಬಂದು, ಹೊಲದ ಮಧ್ಯದಲ್ಲಿ ಬಾಗಿ, ಮತ್ತೆ ನೇರ ಹೋಗಿತ್ತು. ಅಪ್ಪ ಬದುವಿನ ಮೇಲೆ ನಿಂತು ನೋಡಿದ, ಹೆಗಲ ಟವಲನ್ನು ಬಾಯಿಗೆ ಒತ್ತಿಕೊಂಡ.

"ನೋಡ್ಲಾ, ಇನ್ನೂ ನಗ್ತಾವ್ಳೆ" ಅಂದ.

ನೀವು ಮೊಬೈಲಿನಲ್ಲಿ ಅದೇ ಗಂಟಿನ ಚಿತ್ರ ತೋರಿಸಿ ನನಗೇ ಪಾಠ ಹೇಳುತ್ತೀರಿ. ಒಳಗಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತವಂತೆ, ಬೇರು ಕೊಳೆತ ಮೇಲೆ ಮುಂದಿನ ಪೈರಿಗೂ ಪಾಲು ಸಿಗುತ್ತದಂತೆ, ಒಳಗಿನ ಕೆಂಪು ಅವು ಚೆನ್ನಾಗಿ ದುಡಿಯುತ್ತಿರುವ ಗುರುತಂತೆ. ಕೇಳಿದರೆ ಖುಷಿಯಾಗುತ್ತದೆ. ಅಪ್ಪನಿಗೂ ಇದು ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಈಗ ನಮ್ಮ ಹೊಲದಲ್ಲಿ ಟ್ರಾಕ್ಟರು ನೇರ ಸಾಲು ಹಾಕುತ್ತದೆ, ಯಾರೂ ಯಾರನ್ನೂ ಬೈಯಬೇಕಾಗಿಲ್ಲ. ಆದರೂ ರಾಗಿ ಮೊಣಕಾಲೆತ್ತರ ಬಂದಾಗ ನಾನು ಬದುವಿನ ಮೇಲೆ ನಿಂತು, ಆ ಬಾಗಿದ ಜಾಗ ಹುಡುಕುತ್ತೇನೆ.