ವೆನ್ಯೂ ಅಂದರೆ ಎದುರು ಮನೆ

ಮದುವೆ ಕಾರ್ಡು ಫೋನಿಗೇ ಬಂತು. ‘ವೆನ್ಯೂ’ ಅಂತ ಬರೆದು, ಕೆಳಗೆ ಹುಮನಾಬಾದಿನ ಫಂಕ್ಷನ್ ಹಾಲು, ಜೊತೆಗೊಂದು ಮ್ಯಾಪು.

ನಮ್ಮೂರು ದುಬಲಗುಂಡಿಯಲ್ಲಿ ಹಸಿರು ಹಂದರ ಕಂಡಲ್ಲಿ ಮದುವೆ. ನಾನು ಸಣ್ಣವಳಿದ್ದಾಗ ಒಮ್ಮೆ ಎದುರು ಮನೆಯಲ್ಲೇ ಇತ್ತು. ಮದುವೆಗೆ ಬರ್ರಿ ಅಂತ ಮೊದಲೇ ಹೇಳಿಹೋಗಿದ್ದರು, ಹುಗ್ಗಿಯ ವಾಸನೆ ನಮ್ಮ ಪಡಸಾಲೆ ತುಂಬಿತ್ತು. ಆದರೂ ಅವ್ವ ಹೊಸ ಸೀರೆ ಉಟ್ಟು ಹೊಸ್ತಿಲ ಒಳಗೇ ಕೂತಿದ್ದಳು.

“ನಡಿಯವ್ವಾ, ಹಸಿವಿ ಆಗ್ಯಾದ.”

“ಊಟಕ್ಕ ಕರಿಯಾಕ ಬರ್ತಾರ, ತಡಿ. ಕರೀಲಾರದ ಹ್ಯಾಂಗ ಹೋಗೂದು?”

ಕೊನೆಗೆ ಮದುಮಗಳ ಕಾಕಾ ಬಾಗಿಲಿಗೆ ಬಂದ. “ವೈನಿ, ಏಳ್ರಿ, ಹುಗ್ಗಿ ಆರಾಕತ್ತದ!”

ಇವತ್ತು ಆ ಕಾರ್ಡಿನ ಮದುವೆ. ಬಸವಕಲ್ಯಾಣದ ಈ ಬಾಡಿಗೆ ಮನೆಯಲ್ಲಿ ನಾನೂ ಸೀರೆ ಉಟ್ಟು, ಬಾಗಿಲು ತೆರೆದಿಟ್ಟು ಕೂತೆ. ಮ್ಯಾಪು ದಾರಿ ತೋರಿಸುತ್ತಲೇ ಇತ್ತು; ಬಾಗಿಲಿಗೆ ಯಾರೂ ಬರಲಿಲ್ಲ. ಊಟದ ಹೊತ್ತು ಮೀರಿದ ಮೇಲೆ ಸೀರೆ ಮಡಚಿಟ್ಟು, ಒಬ್ಬಳಿಗಾಗುವಷ್ಟು ಅಕ್ಕಿ ತೊಳೆದೆ.