ಬಾಬಯ್ಯನ ಪೆಟ್ಟಿಗೆ, ನಮ್ಮೂರ ಗಂಡಸರು

ನಮ್ಮೂರಿನ ಗಂಡಸರು ಒಂದೇ ಒಂದು ಸಲ ಯುದ್ಧಕ್ಕೆ ಹೊರಟದ್ದುಂಟು. ಎದುರಾಳಿ, ಕೌದಿ ಹೊಲಿದು, ಕೋಳಿಮೊಟ್ಟೆ ಮಾರಿ ಬದುಕುತ್ತಿದ್ದ ಮದಾರಬಿ ಎಂಬ ವಿಧವೆ. ಆ ಯುದ್ಧದಲ್ಲೂ ಸೋತು ಬಂದರು.

ಕಂಪಲಾಪುರದಿಂದ ಹರದಾರಿ ದೂರದ ನಮ್ಮೂರಿನಲ್ಲಿ ಇದ್ದದ್ದು ಅವಳದೊಂದೇ ಸಾಬರ ಮನೆ. ಊರಿಗೆಲ್ಲ ಅವಳು ಬೂವಮ್ಮ. ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ಗಂಡ ತೀರಿಹೋಗಿದ್ದ. ಇದ್ದೊಬ್ಬ ಮಗ ಕೊಡಗಿನ ಕಾಫಿ ತೋಟದಲ್ಲಿ ಕೂಲಿಗಿದ್ದ. ಆ ಮನೆಯ ಒಳಕೋಣೆಯೇ ಮೊಹರಂ ಹಬ್ಬದ ದೇವರು ಬಾಬಯ್ಯನ ಮಕಾನು, ಅವನ ಗುಡಿ. ಅಲ್ಲಿ ಹಸಿರು ಬಟ್ಟೆ ಹೊದಿಸಿದ ಮರದ ಪೆಟ್ಟಿಗೆ, ಅದರೊಳಗೆ ಬಾಬಯ್ಯನ ಬೆಳ್ಳಿಯ ಹಸ್ತ. ಮೊಹರಂ ಚಂದ್ರ ಕಂಡ ಮೇಲೆ ಹೊರತೆಗೆದು ಸಿಂಗರಿಸುವುದು, ಹಬ್ಬ ಮುಗಿದ ಮೇಲೆ ಒಳಗಿಡುವುದು. ಉಳಿದ ಕಾಲದಲ್ಲಿ ಪೆಟ್ಟಿಗೆಯನ್ನು ಯಾರೂ ಮುಟ್ಟುವಂತಿಲ್ಲ, ಸಂಜೆ ಅದರ ಮುಂದೆ ದೀಪ ತಪ್ಪುವಂತಿಲ್ಲ. ಸಾಬರ ಹಬ್ಬವೆಂಬುದು ಹೆಸರಿಗಷ್ಟೆ. ಬಾಬಯ್ಯನ ಮುಂದೆ ಸಕ್ಕರೆಯಿಟ್ಟು ಓದಿಸುವವರು, ಕೊಂಡ ಹಾಯುವವರು, ಮಕ್ಕಳಾಗಲೆಂದು ಹರಕೆ ಹೊರುವವರು ಎಲ್ಲ ನಮ್ಮವರೇ. ಹಾಗೆ ಹುಟ್ಟಿದ ಮಗುವಿನ ಕೊರಳಿಗೆ ಮಕಾನಿನವರೇ ಕೆಂಪು-ಹಸಿರು ದಾರ ಕಟ್ಟಬೇಕಿತ್ತು.

ಹೈದರಾಬಾದಿನ ಗಲಾಟೆ ಮುಗಿದು ಎರಡು ವರ್ಷವಾಗಿದ್ದರೂ ನಮ್ಮೂರಿಗೆ ಅದು ಆಗತಾನೇ ಬಂದು ತಲುಪಿತ್ತು. ತಂದವನು ಅಂಗಡಿ ಶಿವನಂಜಪ್ಪ. ಹಣೆ ತುಂಬ ವಿಭೂತಿ, ಬಾಯಿ ತುಂಬ ಧರ್ಮ, ಕಣ್ಣು ಮಾತ್ರ ಮದಾರಬಿಯ ಮನೆಯ ಮೇಲೆ. ಮನೆ ಬಸ್ಸು ನಿಲ್ಲುವ ಜಾಗದಲ್ಲಿತ್ತು. ಕೆಡವಿದರೆ ಅಂಗಡಿ ಕಟ್ಟಲು ಬಂಗಾರದಂಥ ನಿವೇಶನ. ಅವನು ಬೆಲ್ಲ ತೂಗುತ್ತ ತೂಗುತ್ತ ರಜಾಕಾರರ ಕತೆ ಹೇಳಿದ. ಮದಾರಬಿಯ ಮಗ ಹೋಗಿರುವುದು ಕೊಡಗಿಗಲ್ಲ, ಪಾಕಿಸ್ತಾನಕ್ಕೆ ಎಂದ. ಪೆಟ್ಟಿಗೆಯಲ್ಲಿ ಹಸ್ತದ ಜೊತೆ ಕತ್ತಿಗಳೂ ಇವೆ ಎಂದ. ಬೆಲ್ಲಕ್ಕೆ ಬಂದವರು ಅದನ್ನೂ ಕಟ್ಟಿಸಿಕೊಂಡು ಹೋದರು.

ಮೊದಲು ಮೊಟ್ಟೆ ಕೊಳ್ಳುವುದು ನಿಂತಿತು. ಆಮೇಲೆ ಬಾವಿಯ ನೀರು. ಅವಳ ಕೊಡ ಕಂಡರೆ ಹಗ್ಗ ಎಳೆದುಕೊಳ್ಳುತ್ತಿದ್ದರು. ಅವಳು ಹೊಲಿದ ಕೌದಿ ಹೊದ್ದು ಬೆಳೆದವರೇ ಅವಳ ಹೆಂಚಿನ ಮೇಲೆ ಕಲ್ಲೆಸೆದರು. ಮದಾರಬಿ ಕೆರೆಯಿಂದ ನೀರು ತರತೊಡಗಿದಳು. ಅಲ್ಲೇ ಕೈಕಾಲು ತೊಳೆದು ದಡದಲ್ಲಿ ಬಟ್ಟೆ ಹಾಸಿ ನಮಾಜು ಮಾಡುತ್ತಿದ್ದಳು. ಬಟ್ಟೆ ಒಗೆಯಲು ಬಂದ ಹೆಂಗಸೊಬ್ಬಳು ಆಚೀಚೆ ನೋಡಿ ಕೇಳಿದಳು:

"ಮಗನ ತಾವ್ಕಾದ್ರೂ ಹೋಗ್ಬಾರ್ದಾ ಬೂವಮ್ಮ?"

"ಹೋದ್ರೆ ದೀಪ ಹಚ್ಚೋರು ಯಾರವ್ವ? ಅಲ್ಲಾ ಅವ್ನೆ. ಇಂಥೋರ್ನ ಹುಟ್ಸಿದ್ದೂ ಅವ್ನೇಯ, ತಿದ್ದೋದು ಅವ್ನ ಕೆಲ್ಸ. ನನ್ನ ಕೆಲ್ಸ ದೀಪ."

ಮೊಹರಂಗೆ ಇನ್ನೂ ತಿಂಗಳಿದೆ ಎನ್ನುವಾಗ ಒಂದು ಬೆಳಗ್ಗೆ ಶೂರರ ದಂಡು ಅವಳ ಬಾಗಿಲಿಗೆ ಬಂತು. ಮುಂದೆ ದೊಡ್ಡಬೀರಯ್ಯ, ಊರಿನಲ್ಲಿ ಎಲ್ಲರಿಗಿಂತ ದಪ್ಪ ಮೀಸೆ ಅವನದು, ಬೇರೆ ಯೋಗ್ಯತೆ ಏನೂ ಇರಲಿಲ್ಲ. ಶಿವನಂಜಪ್ಪ ಎಲ್ಲರ ಹಿಂದೆ.

"ಪೆಟ್ಗೆ ತೆಗಿ ಬೂವಮ್ಮ. ಒಳ್ಗೇನದೆ ನೋಡ್ಬೇಕು," ಎಂದ ದೊಡ್ಡಬೀರಯ್ಯ.

"ನಿಂಗೆ ಗೊತ್ತಿಲ್ವಾ ಬೀರಯ್ಯ? ಹೋದ್ವರ್ಸ ಒಳ್ಗಿರೋ ಹಸ್ತ ಹೊತ್ಕಂಡು ಕೊಂಡ ಹಾಯ್ದೋನು ನೀನೇ ಅಲ್ವಾ?"

ದೊಡ್ಡಬೀರಯ್ಯ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡ. ಹಿಂದಿನಿಂದ ಶಿವನಂಜಪ್ಪ ಕೂಗಿದ: "ತೆಗೀದಿದ್ರೆ ಇವತ್ತೇ ಮನೆ ಖಾಲಿ ಮಾಡ್ಬೇಕು!"

"ಚಂದ್ರ ಕಾಣೋಗಂಟ ನಾನು ಮುಟ್ಟಕ್ಕಿಲ್ಲ ಸ್ವಾಮಿ. ನಿಮಗೆ ಧೈರ್ಯ ಇದ್ರೆ ನೀವೇ ತೆಗೀರಿ. ಬಾಗ್ಲು ತೆಗ್ದೇ ಅದೆ."

ಆಗ ನೋಡಬೇಕಿತ್ತು ನಮ್ಮವರ ಪರಾಕ್ರಮ. ದೊಡ್ಡಬೀರಯ್ಯ ಕರಿಯಯ್ಯನನ್ನು ಮುಂದೆ ತಳ್ಳಿದ. "ನನ್ನೆಂಡ್ತಿ ಬಸ್ರಿ ಕಣ್ಲಾ, ನನ್ನ ಕೈಲಾಗಕ್ಕಿಲ್ಲ," ಎಂದು ಕರಿಯಯ್ಯ ಹಿಂದೆ ಸರಿದ. ಇನ್ನೊಬ್ಬನಿಗೆ ಮೈಲಿಗೆ ನೆನಪಾಯಿತು, ಮತ್ತೊಬ್ಬನಿಗೆ ಎಮ್ಮೆ ನೆನಪಾಯಿತು. ಎಲ್ಲರೂ ಶಿವನಂಜಪ್ಪನತ್ತ ತಿರುಗಿದರು. "ಲಿಂಗ ಕಟ್ಟಿರೋನು ನಾನು, ಸಾಬ್ರ ವಸ್ತು ಮುಟ್ಟಕಾಯ್ತದಾ?" ಎಂದು ಆತ ಕಣ್ಣುಮುಚ್ಚಿದ. ಪೆಟ್ಟಿಗೆಯಲ್ಲಿ ಕತ್ತಿ ಇಲ್ಲವೆಂದು ಅವರಿಗೆಲ್ಲ ಗೊತ್ತಿತ್ತು. ಬಾಬಯ್ಯ ಇದ್ದಾನೆಂಬುದೂ ಗೊತ್ತಿತ್ತು. ಅವರ ಕಷ್ಟ ಅದೇ.

ಪೆಟ್ಟಿಗೆಯ ಮೇಲೆ ನಡೆಯದ ಶೌರ್ಯ ಮುದುಕಿಯ ಮೇಲೆ ನಡೆಯಿತು. ಮಡಕೆ, ಕೌದಿ, ಕೋಳಿ ಪಂಜರ ಬೀದಿಗೆ ಬಿದ್ದವು. ರಟ್ಟೆ ಹಿಡಿದು ಅವಳನ್ನೂ ಎಳೆದು ಹಾಕಿದರು. ಒಳಕೋಣೆಯ ಹೊಸಿಲು ಮಾತ್ರ ಒಬ್ಬನೂ ದಾಟಲಿಲ್ಲ. ಶಿವನಂಜಪ್ಪ ಮುಂಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಮದಾರಬಿ ಎದುರಿನ ಹೊಂಗೆ ಮರದಡಿ ಕುಳಿತಳು. ಶಾಪ ಹಾಕಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

"ನನ್ನ ಬೀದೀಲೇ ಇಡಿ. ಸಂಜೆಗೆ ದೀಪ ಮಾತ್ರ ನೀವೇ ಹಚ್ಬುಡಿ," ಎಂದಳು, ಅಷ್ಟೆ.

ದಂಡು ಚದುರಿತು, ಮಾತು ಚದುರಲಿಲ್ಲ. ದೀಪ ಹಚ್ಚುವವರು ಯಾರು? ಹೊತ್ತು ಇಳಿಯುತ್ತ ಬಂದಂತೆ ಊರಿಗೆ ಊರೇ ಬೆವರತೊಡಗಿತು. ಕರಿಯಯ್ಯನ ಬಸುರಿ ಹೆಂಡತಿ ಗಂಡನಿಗೆ ಅನ್ನ ಹಾಕಲಿಲ್ಲ. ಕೊನೆಗೆ ಶಿವನಂಜಪ್ಪನ ತಾಯಿ ಪುಟ್ಟಮಲ್ಲಮ್ಮ ಕೋಲೂರಿಕೊಂಡು ಅಂಗಡಿಗೇ ಬಂದಳು.

"ನಂಜಪ್ಪ, ಮೂರು ಮಕ್ಳು ಮಣ್ಣು ಪಾಲಾದ್ಮೇಲೆ ಆ ಮಕಾನ್ಗೆ ಹರಕೆ ಹೊತ್ತು ನಿನ್ನ ಹೆತ್ತೆ ಕಣೋ. ಆ ಬೂವಮ್ಮನ ಅತ್ತೆ ದಾರ ಕಟ್ಟಿದ್ ಕತ್ತು ಇದು. ದೀಪ ತಪ್ಪಿ ನಿಂಗೇನಾರ ಆದ್ರೆ ನಾನೇನ್ಲಾ ಮಾಡ್ಲಿ?"

ಆ ತಾಯಿಗೂ ಬೀದಿಯಲ್ಲಿ ಕುಳಿತವಳ ಚಿಂತೆ ಇರಲಿಲ್ಲ. ಮಗ ಕತ್ತು ಸವರಿಕೊಂಡ. ಕೀಲಿ ಹಿಡಿದು ಹೊಂಗೆ ಮರದ ಕಡೆ ಓಡಿದ, ಬೆನ್ನಿಗೇ ದಂಡೂ ಓಡಿತು.

ಹೊತ್ತು ಆಗಷ್ಟೇ ಮುಳುಗಿತ್ತು. ಮದಾರಬಿ ನಮಾಜಿಗೆ ನಿಂತಿದ್ದಳು. ಅವಳು ಬಾಗಿದಳು, ಎದ್ದಳು, ನೆಲಕ್ಕೆ ಹಣೆ ಹಚ್ಚಿದಳು. ಬೆಳಗ್ಗೆ ಅವಳ ರಟ್ಟೆ ಹಿಡಿದೆಳೆದವರು ಕೈಕಟ್ಟಿಕೊಂಡು, ಕೆಮ್ಮನ್ನೂ ನುಂಗಿಕೊಂಡು ಕಾದರು. ಮುಗಿದ ಮೇಲೆ ಅವಳು ಕೈ ನೀಡಿದಳು, ಶಿವನಂಜಪ್ಪ ಕೀಲಿ ಕೊಟ್ಟ. ಮನೆಯೊಳಗೆ ದೀಪ ಕಂಡ ಮೇಲೆ ಎಲ್ಲರೂ ಉಸಿರು ಬಿಟ್ಟು ಊಟಕ್ಕೆ ಹೋದರು. ಬೀದಿಯ ಮಡಕೆಗಳನ್ನು ಅವಳೊಬ್ಬಳೇ ಒಳಗೆ ಸಾಗಿಸಿದಳು. ತಪ್ಪಾಯಿತೆಂದು ಯಾರೂ ಅನ್ನಲಿಲ್ಲ.

ತಿಂಗಳು ಕಳೆದು ಚಂದ್ರ ಕಂಡಿತು, ಪೆಟ್ಟಿಗೆ ತೆರೆಯಿತು. ಬೆಳ್ಳಿಯ ಹಸ್ತ ಎಂದಿನಂತೆ ಹೊರಬಂತು. ಕತ್ತಿಯ ಸುದ್ದಿ ಎತ್ತಿದವರಿಲ್ಲ. ಸಕ್ಕರೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತವನು ಶಿವನಂಜಪ್ಪ. ಮೊಮ್ಮಗನಿಗೆ ದಾರ ಕಟ್ಟಿಸಿದ ಮೇಲೆ, ಇರಲಿ ಎಂದು, ತಾನೂ ಕೊರಳೊಡ್ಡಿದ.

"ಇನ್ನೂ ವಸಿ ಬಗ್ಗಿ ಸ್ವಾಮಿ, ಎಟುಕಕ್ಕಿಲ್ಲ," ಎಂದಳು ಮದಾರಬಿ. ಅವನು ಇನ್ನೂ ಬಗ್ಗಿದ. ಅವನ ಹಿಂದೆ ದೊಡ್ಡಬೀರಯ್ಯ, ಕರಿಯಯ್ಯ, ಇಡೀ ದಂಡು.

ಹಬ್ಬ ಮುಗಿದ ಮಾರನೆಯ ದಿನ ಅವಳು ಕೊಡ ಹಿಡಿದು ಬಾವಿಗೆ ಹೋದಳು. ನೀರು ಸೇದುತ್ತಿದ್ದವನು ದೊಡ್ಡಬೀರಯ್ಯ. ಕೊರಳಲ್ಲಿ ಅವಳು ಕಟ್ಟಿದ ದಾರದ ಬಣ್ಣ ಕೂಡ ಮಾಸಿರಲಿಲ್ಲ. ಅವಳನ್ನು ಕಂಡು ಹಗ್ಗ ಎಳೆದುಕೊಂಡ.

"ಬಾಬಯ್ಯಂದು ಬ್ಯಾರೆ, ಇದು ಬ್ಯಾರೆ ಕಣ್ ಬೂವಮ್ಮ."

ಮದಾರಬಿ ಅವನ ಮೀಸೆ ನೋಡಿದಳು, ದಾರ ನೋಡಿದಳು. ಖಾಲಿ ಕೊಡವನ್ನು ಸೊಂಟಕ್ಕೇರಿಸಿದಳು.

"ಬುಡು ಬೀರಯ್ಯ. ನಿನ್ನ ತಿದ್ದಕೆ ಅಲ್ಲಾಗೂ ಬೋ ಹೊತ್ತು ಬೇಕು," ಎಂದು ಕೆರೆಯ ದಾರಿ ಹಿಡಿದಳು.